ಒಂದು ಲಕ್ಷ ಇಪ್ಪತ್ತು ಸಾವಿರದಿಂದ ಅರವತ್ತೆಂಟು ಸಾವಿರಕ್ಕೆ: ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದ ಪ್ರಕರಣ

ಕೋಲ್ಕತ್ತದ ಪೂರ್ವ ಭಾಗದಲ್ಲಿ, ಈಸ್ಟರ್ನ್ ಮೆಟ್ರೊಪಾಲಿಟನ್ ಬೈಪಾಸ್ ರಸ್ತೆಗೆ ತಾಗಿಕೊಂಡಿರುವ ವಿವೇಕಾನಂದ ಯುವಭಾರತಿ ಕ್ರೀಡಾಂಗಣವನ್ನು ಜನ ಇಂದಿಗೂ ಸಾಲ್ಟ್ ಲೇಕ್ ಸ್ಟೇಡಿಯಂ ಎಂದೇ ಕರೆಯುತ್ತಾರೆ. 1984ರ ಜನವರಿಯಲ್ಲಿ ಉದ್ಘಾಟನೆಯಾದಾಗ 1,20,000 ಪ್ರೇಕ್ಷಕರಿಗೆ ಜಾಗವಿದೆಯೆಂದು ಹೇಳಲಾಗಿದ್ದ ಈ ಕ್ರೀಡಾಂಗಣ ಹಲವು ವರ್ಷಗಳ ಕಾಲ ಜಗತ್ತಿನ ಅತಿ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣಗಳ ಸಾಲಿನಲ್ಲಿತ್ತು. ಇಂದು ಅಲ್ಲಿ ಕೂರಬಹುದಾದವರ ಸಂಖ್ಯೆ ಸುಮಾರು 68,000. ಕಟ್ಟಡ ಅದೇ, ಮೂರು ಅಂತಸ್ತಿನ ಗ್ಯಾಲರಿಯೂ ಅದೇ. ಆದರೂ ಅರ್ಧ ಲಕ್ಷ ಜನರ ಜಾಗ ಲೆಕ್ಕದಿಂದ ಹೊರಗೆ ಹೋಗಿದೆ. ಈ ಇಳಿಕೆ ಏಕೆ ಆಯಿತು, ಅದರಿಂದ ಪ್ರೇಕ್ಷಕರಿಗೆ ಏನು ದಕ್ಕಿತು, ಇಳಿಕೆಯ ನಂತರವೂ ಯಾವ ಕೊರತೆ ಉಳಿದುಕೊಂಡಿತು ಎಂಬುದನ್ನು ಪರಿಶೀಲಿಸುವುದು ಈ ಅಧ್ಯಯನದ ಉದ್ದೇಶ. ದೊಡ್ಡ ಕ್ರೀಡಾಂಗಣವೊಂದರ ಯೋಗ್ಯತೆಯನ್ನು ಎಷ್ಟು ಜನ ಒಳಗೆ ಹಿಡಿಸುತ್ತಾರೆ ಎಂಬುದರಿಂದ ಅಳೆಯಬಾರದು, ಒಳಗೆ ಬಂದವರನ್ನು ಯಾವ ಗೌರವದಿಂದ ಕೂರಿಸಿ, ಎಷ್ಟು ಸುರಕ್ಷಿತವಾಗಿ ಹೊರಗೆ ಕಳುಹಿಸುತ್ತದೆ ಎಂಬುದರಿಂದ ಅಳೆಯಬೇಕು ಎಂಬುದು ನನ್ನ ನಿಲುವು. ಈ ನಿಲುವಿನ ಪರವಾಗಿಯೂ ಅದನ್ನು ಮರೆತಾಗ ಆಗುವ ಅನಾಹುತದ ಬಗ್ಗೆಯೂ ಸಾಲ್ಟ್ ಲೇಕ್‌ನ ನಾಲ್ಕು ದಶಕಗಳಲ್ಲಿ ಬೇಕಾದಷ್ಟು ಸಾಕ್ಷ್ಯವಿದೆ.

ಮೈದಾನದಿಂದ ಜೌಗು ನೆಲಕ್ಕೆ

ಕೋಲ್ಕತ್ತದ ಫುಟ್‌ಬಾಲ್ ಹುಟ್ಟಿ ಬೆಳೆದದ್ದು ನಗರದ ನಡುವಿನ ವಿಶಾಲವಾದ ಹಸಿರು ಬಯಲಿನಲ್ಲಿ. ಅಲ್ಲಿನವರು ಅದನ್ನು ಸುಮ್ಮನೆ ಮೈದಾನ್ ಎನ್ನುತ್ತಾರೆ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಈ ಮೂರು ಕ್ಲಬ್‌ಗಳ ಅಂಕಣಗಳು ಅಲ್ಲಿಯೇ ಇವೆ. ಆದರೆ ಆ ಬಯಲು ಸೇನೆಯ ಅಧೀನದಲ್ಲಿರುವುದರಿಂದ ಕ್ಲಬ್‌ಗಳು ತಮ್ಮ ಇಷ್ಟದಂತೆ ಶಾಶ್ವತವಾದ ದೊಡ್ಡ ಗ್ಯಾಲರಿಗಳನ್ನು ಎಬ್ಬಿಸುವಂತಿರಲಿಲ್ಲ. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಎದುರುಬದುರಾದಾಗ ಸೇರುವ ಜನಸಾಗರಕ್ಕೆ ಆ ಅಂಕಣಗಳು ಸಾಲುತ್ತಿರಲಿಲ್ಲವಾದ್ದರಿಂದ, ಮೂಲತಃ ಕ್ರಿಕೆಟ್ಟಿನದಾದ ಈಡನ್ ಗಾರ್ಡನ್ಸ್ ಅನ್ನು ಆಶ್ರಯಿಸಬೇಕಾಗುತ್ತಿತ್ತು. 1977ರ ಸೆಪ್ಟೆಂಬರ್ 24ರಂದು ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ತಂಡವನ್ನು ಮೋಹನ್ ಬಾಗಾನ್ 2-2ರ ಸಮಬಲದಲ್ಲಿ ಹಿಡಿದಿಟ್ಟದ್ದೂ ಈಡನ್‌ನಲ್ಲಿಯೇ.

ಈ ಎರಡು ಕ್ಲಬ್‌ಗಳ ನಡುವಿನ ಪೈಪೋಟಿಯನ್ನು ಬರೀ ಆಟದ ಮಾತೆಂದು ತಿಳಿದರೆ ಕ್ರೀಡಾಂಗಣದ ಕಥೆ ಅರ್ಥವಾಗುವುದಿಲ್ಲ. ಹಸಿರು ಮತ್ತು ಮರೂನ್ ಬಣ್ಣದ ಮೋಹನ್ ಬಾಗಾನ್ ಪಶ್ಚಿಮ ಬಂಗಾಳದ ಮೂಲನಿವಾಸಿಗಳ ಕ್ಲಬ್ ಎಂದೂ, ಕೆಂಪು ಮತ್ತು ಹೊನ್ನಿನ ಬಣ್ಣದ ಈಸ್ಟ್ ಬೆಂಗಾಲ್ ಪೂರ್ವ ಬಂಗಾಳದಿಂದ ಬಂದವರ, ಅದರಲ್ಲೂ ದೇಶವಿಭಜನೆಯ ನಂತರ ಮನೆಮಠ ಬಿಟ್ಟು ಬಂದವರ ಕ್ಲಬ್ ಎಂದೂ ಭಾವಿಸುವ ರೂಢಿ ಬಹು ಹಳೆಯದು. ಗೆದ್ದ ದಿನ ಮೋಹನ್ ಬಾಗಾನ್ ಅಭಿಮಾನಿಗಳ ಮನೆಯಲ್ಲಿ ಸಿಗಡಿ, ಈಸ್ಟ್ ಬೆಂಗಾಲ್ ಅಭಿಮಾನಿಗಳ ಮನೆಯಲ್ಲಿ ಹಿಲ್ಸಾ ಮೀನು ಬೇಯುತ್ತದೆ ಎಂಬುದು ಬಂಗಾಳದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಬೆಂಗಳೂರಿನಲ್ಲಿ ಹುಟ್ಟಿ, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದ ಅಹ್ಮದ್ ಖಾನ್ ಅವರು ಈಸ್ಟ್ ಬೆಂಗಾಲ್‌ನ ಪಂಚಪಾಂಡವರೆಂದು ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರಾಗಿದ್ದರು. ಬೆಂಗಳೂರಿನವರೇ ಆದ ಅರುಮೈನಾಯಗಂ ಮೋಹನ್ ಬಾಗಾನ್‌ಗೆ ಆಡಿದರು. ನಮ್ಮ ಊರಿನ ಪ್ರತಿಭೆಗಳಿಗೆ ಆ ಕಾಲದಲ್ಲಿ ಕೋಲ್ಕತ್ತವೇ ದೊಡ್ಡ ವೇದಿಕೆಯಾಗಿತ್ತು ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ.

1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಕಲ್ಕತ್ತಾ ಲೀಗ್ ಡರ್ಬಿಯಲ್ಲಿ, ಎಂದರೆ ಈ ಎರಡು ಕ್ಲಬ್‌ಗಳ ಮುಖಾಮುಖಿಯಲ್ಲಿ, ಅಂಕಣದೊಳಗೆ ಇಬ್ಬರು ಆಟಗಾರರ ನಡುವೆ ಆದ ಜಟಾಪಟಿ ಗ್ಯಾಲರಿಗೆ ಹಬ್ಬಿತು. ಎರಡೂ ಕ್ಲಬ್‌ಗಳ ಬೆಂಬಲಿಗರು ಒಂದೇ ಸ್ಟ್ಯಾಂಡಿನಲ್ಲಿ ಬೆರೆತು ಕುಳಿತಿದ್ದರು. ಹೊಡೆದಾಟದಿಂದ ತಪ್ಪಿಸಿಕೊಳ್ಳಲು ಹೊರಟವರು ಇಕ್ಕಟ್ಟಿನಲ್ಲಿ ಸಿಲುಕಿ, ನೂಕುನುಗ್ಗಲಿನಲ್ಲಿ 16 ಮಂದಿ ಪ್ರಾಣ ಕಳೆದುಕೊಂಡರು. ಆ ದಿನವನ್ನು ಕೋಲ್ಕತ್ತದಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಆಚರಿಸಿ, ರಕ್ತದಾನ ಶಿಬಿರಗಳನ್ನು ನಡೆಸುವ ಸಂಪ್ರದಾಯ ಬೆಳೆದಿದೆ. ಫುಟ್‌ಬಾಲಿಗೆಂದೇ ಪ್ರತ್ಯೇಕವಾದ, ಬೆಂಬಲಿಗರನ್ನು ಬೇರೆಬೇರೆ ದ್ವಾರಗಳಿಂದ ಒಳಗೆ ಬಿಡಬಹುದಾದ ದೊಡ್ಡ ಕ್ರೀಡಾಂಗಣ ಎಷ್ಟು ಅಗತ್ಯವೆಂಬುದನ್ನು ಆ 16 ಸಾವುಗಳಿಗಿಂತ ಕಟುವಾಗಿ ಬೇರಾವುದೂ ಹೇಳಲಾರದು.

ಅದಕ್ಕೆ ಜಾಗ ಸಿಕ್ಕಿದ್ದು ಸಾಲ್ಟ್ ಲೇಕ್‌ನಲ್ಲಿ. ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ, ಹೂಗ್ಲಿ ನದಿಯ ಹೂಳನ್ನು ಕೊಳವೆಗಳ ಮೂಲಕ ಹರಿಸಿ ಉಪ್ಪುನೀರಿನ ಜೌಗು ಪ್ರದೇಶವನ್ನು ತುಂಬಿಸಿ, ಯುಗೊಸ್ಲಾವಿಯಾದ ನಗರ ಯೋಜಕ ಡೊಬ್ರಿವೊಯೆ ಟೊಷ್ಕೊವಿಚ್ ಅವರ ನಕ್ಷೆಯಂತೆ ಕಟ್ಟಲಾದ ಹೊಸ ಬಡಾವಣೆಯದು. ಹಳೆಯ ನಗರದಲ್ಲಿ ಎಲ್ಲಿಯೂ ದೊರೆಯದಿದ್ದ 70 ಎಕರೆಗೂ ಹೆಚ್ಚು ವಿಸ್ತಾರದ ನೆಲ ಅಲ್ಲಿ ದೊರೆಯಿತು. ಕ್ರೀಡಾಂಗಣವನ್ನು ಮೊಟ್ಟೆಯಾಕಾರದಲ್ಲಿ ಕಟ್ಟಿ, ಗ್ಯಾಲರಿಯ ಮೇಲಿನ ಅಂತಸ್ತುಗಳಿಗೆ ಏರಲು ಇಳಿಜಾರಿನ ರ‍್ಯಾಂಪ್‌ಗಳನ್ನೂ, ಸುತ್ತಲೂ ಒಳ ಮತ್ತು ಹೊರ ವರ್ತುಲ ರಸ್ತೆಗಳನ್ನೂ ಮಾಡಲಾಯಿತು. ಜನರನ್ನು ಬೇರ್ಪಡಿಸಿ ಒಳಗೆ ಬಿಡುವುದಕ್ಕೆ ಈ ವಿನ್ಯಾಸ ಅನುಕೂಲಕರವಾಗಿತ್ತು ಎಂಬುದನ್ನು ಒಪ್ಪಬೇಕು. ಅಂಕಣದ ಸುತ್ತ ಓಟದ ಪಥ ಇರುವುದರಿಂದ ಪ್ರೇಕ್ಷಕ ಆಟದಿಂದ ದೂರವಾಗುತ್ತಾನೆಂಬ ದೂರು ಮಾತ್ರ ಮೊದಲಿನಿಂದಲೂ ಇದೆ. ಆದರೆ ಆ ಪಥವಿದ್ದುದರಿಂದಲೇ 1987ರ ದಕ್ಷಿಣ ಏಷ್ಯಾ ಕ್ರೀಡಾಕೂಟ ಇಲ್ಲಿ ನಡೆಯಿತು.

1,31,781

1997ರ ಜುಲೈ 13ರ ಫೆಡರೇಷನ್ ಕಪ್ ಸೆಮಿಫೈನಲ್ ಪಂದ್ಯವನ್ನು ವಿವರವಾಗಿ ನೋಡಬೇಕು, ಏಕೆಂದರೆ ಸಾಲ್ಟ್ ಲೇಕ್‌ನ ಹಿರಿಮೆ ಮತ್ತು ಅಪಾಯ ಎರಡೂ ಅಂದು ಒಟ್ಟಿಗೆ ಕಾಣಿಸಿಕೊಂಡವು. ಮೋಹನ್ ಬಾಗಾನ್ ತರಬೇತುದಾರ ಅಮಲ್ ದತ್ತ ಅವರು ವಜ್ರಾಕೃತಿಯ ವ್ಯೂಹವನ್ನು ತಂದು, ಮುನ್ನುಗ್ಗಿ ಆಡುವ ಶೈಲಿಯಿಂದ ಎದುರಾಳಿಗಳನ್ನು ಗೋಲುಗಳ ಮೇಲೆ ಗೋಲು ಹೊಡೆದು ಮಣಿಸುತ್ತಿದ್ದರು. ಈಸ್ಟ್ ಬೆಂಗಾಲ್ ತರಬೇತುದಾರರಾಗಿದ್ದವರು 1962ರ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದ ಆಟಗಾರ ಪಿ.ಕೆ. ಬ್ಯಾನರ್ಜಿ. ಪಂದ್ಯಕ್ಕೆ ಮುನ್ನ ಇಬ್ಬರು ಹಿರಿಯರ ಮಾತಿನ ಸಮರ ಪತ್ರಿಕೆಗಳ ಪುಟಗಳನ್ನು ತುಂಬಿತ್ತು. ಟಿಕೆಟ್ಟಿಗಾಗಿ ನಗರವೇ ಹಾತೊರೆಯಿತು. ಅಂದು ದಾಖಲಾದ ಪ್ರೇಕ್ಷಕರ ಸಂಖ್ಯೆ 1,31,781. ಭಾರತದಲ್ಲಿ ಯಾವ ಫುಟ್‌ಬಾಲ್ ಪಂದ್ಯಕ್ಕೂ ಅಷ್ಟು ಜನ ಸೇರಿದ ದಾಖಲೆ ಇಲ್ಲ. ಭೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದರು, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು, ವಜ್ರವ್ಯೂಹ ಒಡೆಯಿತು.

ಈ ಸಂಖ್ಯೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೂ ಹೌದು. ಆದರೆ 1,20,000 ಜನರಿಗೆಂದು ಕಟ್ಟಿದ ಜಾಗದಲ್ಲಿ ಅದಕ್ಕಿಂತ ಸುಮಾರು 12,000 ಮಂದಿ ಹೆಚ್ಚಾಗಿ ಇದ್ದರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಆಗ ಕುರ್ಚಿಗಳಿರಲಿಲ್ಲ, ಕಾಂಕ್ರೀಟ್ ಮೆಟ್ಟಿಲುಗಳಿದ್ದವು. ಮೆಟ್ಟಿಲಿನ ಮೇಲೆ ಕೂರುವವರಿಗೆ ಅಳತೆಯೆಂಬುದಿಲ್ಲ. ಪಕ್ಕದವರು ಸ್ವಲ್ಪ ಸರಿದರೆ ಇನ್ನೊಬ್ಬರಿಗೆ ಜಾಗವಾಗುತ್ತದೆ, ಮತ್ತೆ ಸರಿದರೆ ಮತ್ತೊಬ್ಬರಿಗೆ. ಕೊನೆಗೆ ನಡೆದಾಡಲು ಬಿಟ್ಟ ದಾರಿಯ ಮೆಟ್ಟಿಲುಗಳ ಮೇಲೂ ಜನ ಕೂರುತ್ತಾರೆ. ಆಪತ್ತು ಬಂದಾಗ ಓಡಬೇಕಾದ ದಾರಿ ಅದೇ. ಅಂದು ದುರಂತವಾಗಲಿಲ್ಲ ಎಂಬುದು ಅದೃಷ್ಟದ ಮಾತು, ವ್ಯವಸ್ಥೆಯ ಪ್ರಮಾಣಪತ್ರವಲ್ಲ.

ಕ್ರೀಡಾಂಗಣದ ಸಾಮರ್ಥ್ಯವನ್ನು ಈಗ ಲೆಕ್ಕ ಹಾಕುವ ಬಗೆಯೇ ಬೇರೆ. ದುರಂತಗಳಿಂದ ಪಾಠ ಕಲಿತ ಬ್ರಿಟನ್ನಿನಲ್ಲಿ ರೂಪುಗೊಂಡು ಬೇರೆ ದೇಶಗಳಲ್ಲೂ ಬಳಕೆಯಾಗುತ್ತಿರುವ ಸುರಕ್ಷತಾ ಮಾರ್ಗಸೂಚಿಯ ಪ್ರಕಾರ, ಒಂದು ಮೀಟರ್ ಅಗಲದ ಸಮತಟ್ಟಾದ ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಅಷ್ಟೇ ಅಗಲದ ಮೆಟ್ಟಿಲುಗಳಲ್ಲಿ 66 ಜನ ಸಾಗಬಲ್ಲರು; ಪಂದ್ಯ ಮುಗಿದಾಗ ಆಸನದ ಪ್ರದೇಶದಿಂದ ಎಲ್ಲರೂ ಎಂಟು ನಿಮಿಷಗಳ ಒಳಗೆ ಹೊರಬರುವಂತಿರಬೇಕು. 1.2 ಮೀಟರ್ ಅಗಲದ ಒಂದು ಮೆಟ್ಟಿಲುದಾರಿಯನ್ನು ತೆಗೆದುಕೊಂಡರೆ ನಿಮಿಷಕ್ಕೆ ಸುಮಾರು 79 ಜನ, ಎಂಟು ನಿಮಿಷಕ್ಕೆ 630ರ ಆಸುಪಾಸು. ಅಂದರೆ ಆ ದಾರಿಯನ್ನೇ ನಂಬಿಕೊಂಡ ಬ್ಲಾಕಿನಲ್ಲಿ ಸಾವಿರ ಜನರಿಗೆ ಕೂರಲು ಜಾಗವಿದ್ದರೂ ಟಿಕೆಟ್ ಮಾರಬಹುದಾದದ್ದು 630 ಮಂದಿಗೆ ಮಾತ್ರ. ಒಳಬರುವ ದ್ವಾರ, ಕೂರುವ ಜಾಗ, ಹೊರಹೋಗುವ ದಾರಿ ಈ ಮೂರರಲ್ಲಿ ಯಾವುದು ಅತಿ ಕಿರಿದೋ ಅದೇ ಆ ಬ್ಲಾಕಿನ ನಿಜವಾದ ಸಾಮರ್ಥ್ಯ.

ಅಂಕಣ ಬದಲಾದದ್ದು, ಆಸನ ಬದಲಾದದ್ದು

ನಡುವಿನ ವರ್ಷಗಳಲ್ಲಿ ಕ್ರೀಡಾಂಗಣ ಹಲವು ದೊಡ್ಡ ಹೆಸರುಗಳನ್ನು ಕಂಡಿತು. 2008ರ ಮೇ 27ರಂದು ಬಯರ್ನ್ ಮ್ಯೂನಿಕ್ ತಂಡ ಮೋಹನ್ ಬಾಗಾನ್ ವಿರುದ್ಧ 3-0ರಿಂದ ಗೆದ್ದ ಪಂದ್ಯದಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಗೋಲ್‌ಕೀಪರ್ ಆಲಿವರ್ ಕಾನ್ ಅವರಿಗೆ ಲಕ್ಷಕ್ಕೂ ಮೀರಿದ ಜನ ಎದ್ದುನಿಂತು ಗೌರವ ಸಲ್ಲಿಸಿದರು. 2011ರ ಸೆಪ್ಟೆಂಬರ್ 2ರಂದು ಅರ್ಜೆಂಟೀನಾ ವೆನೆಜುವೆಲಾವನ್ನು ನಿಕೊಲಾಸ್ ಒಟಮೆಂಡಿಯವರ ಏಕೈಕ ಗೋಲಿನಿಂದ ಸೋಲಿಸಿತು. ಹೊಸ ತರಬೇತುದಾರ ಸಬೆಲ್ಲಾ ಅವರಿಗೂ, ತಂಡದ ಕಾಯಂ ನಾಯಕನಾಗಿ ಲಿಯೊನೆಲ್ ಮೆಸ್ಸಿ ಅವರಿಗೂ ಅದು ಮೊದಲ ಪಂದ್ಯ. ಆಗ ಅಲ್ಲಿದ್ದದ್ದು ಹೊಸದಾಗಿ ಹಾಸಿದ ಕೃತಕ ಹುಲ್ಲು. ಮಳೆಗಾಲದ ಕೆಸರಿಗೆ ಅದು ಉತ್ತರವಾಗಬಹುದೆಂಬ ನಿರೀಕ್ಷೆ ಹೆಚ್ಚು ಕಾಲ ಉಳಿಯಲಿಲ್ಲ. 2015ರಲ್ಲಿ ಅದನ್ನು ಕಿತ್ತು ಬರ್ಮುಡಾ ತಳಿಯ ನೈಸರ್ಗಿಕ ಹುಲ್ಲನ್ನು ಬೆಳೆಸಲಾಯಿತು.

ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನ 2012ರ ಡಿಸೆಂಬರ್ 9ರ ಡರ್ಬಿ, ಬೆಂಬಲಿಗರನ್ನು ಬೇರ್ಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎಂಬುದನ್ನು ತೋರಿಸಿತು. ಈಸ್ಟ್ ಬೆಂಗಾಲ್ ಒಂದು ಗೋಲಿನಿಂದ ಮುಂದಿದ್ದಾಗ ಮೋಹನ್ ಬಾಗಾನ್‌ನ ಒಡಾಫಾ ಒಕೊಲಿ ಅವರಿಗೆ ಕೆಂಪು ಕಾರ್ಡ್ ಸಿಕ್ಕಿ, ಗ್ಯಾಲರಿಯಿಂದ ತೂರಿಬಂದ ಕಲ್ಲೊಂದು ಅದೇ ತಂಡದ ರಹೀಂ ನಬಿ ಅವರ ಮುಖಕ್ಕೆ ಬಡಿಯಿತು. ವಿರಾಮದ ನಂತರ ಮೋಹನ್ ಬಾಗಾನ್ ಅಂಕಣಕ್ಕೆ ಮರಳಲಿಲ್ಲ. ಲೀಗಿನಿಂದ ಹೊರಹಾಕುವ ಶಿಕ್ಷೆ ಮೊದಲು ಘೋಷಣೆಯಾಗಿ, ನಂತರ ದಂಡ ಮತ್ತು ಅಂಕ ಕಡಿತಕ್ಕೆ ಇಳಿಯಿತು. ಚರ್ಚೆಯೆಲ್ಲ ತಂಡಕ್ಕಾದ ಶಿಕ್ಷೆಯ ಸುತ್ತಲೇ ಸುತ್ತಿತು. ಕ್ರೀಡಾಂಗಣದೊಳಗೆ ಕಲ್ಲು ಬಂದದ್ದು ಹೇಗೆ ಎಂಬ ಮೂಲ ಪ್ರಶ್ನೆಗೆ ಅಷ್ಟು ಗಮನ ಸಿಗಲಿಲ್ಲವೆಂಬುದು ನನಗೆ ಇಂದಿಗೂ ಅಸಮಾಧಾನದ ಸಂಗತಿ.

ನಿಜವಾದ ಬದಲಾವಣೆ ಬಂದದ್ದು 2017ರ 17 ವರ್ಷದೊಳಗಿನವರ ವಿಶ್ವಕಪ್‌ಗಾಗಿ. ಫಿಫಾ ನಿಯಮಗಳಿಗೆ ಹೊಂದುವಂತೆ ಗ್ಯಾಲರಿಗೆ ಪ್ರತ್ಯೇಕವಾದ ಬಕೆಟ್ ಸೀಟುಗಳು ಬಂದವು, ಆಟಗಾರರ ಕೊಠಡಿಗಳು ಹೊಸದಾದವು, ಆವರಣದಲ್ಲಿ ಅಭ್ಯಾಸದ ಅಂಕಣಗಳು ಸಿದ್ಧವಾದವು. ಗುವಾಹಟಿಯ ಅಂಕಣ ಮಳೆಯಿಂದ ಹಾಳಾದ ಕಾರಣ ಇಂಗ್ಲೆಂಡ್ ಮತ್ತು ಬ್ರೆಜಿಲ್ ನಡುವಿನ ಸೆಮಿಫೈನಲ್ ಪಂದ್ಯವನ್ನು ಕೊನೆಯ ಗಳಿಗೆಯಲ್ಲಿ ಕೋಲ್ಕತ್ತಕ್ಕೆ ವರ್ಗಾಯಿಸಿದಾಗ, ಎರಡೇ ದಿನಗಳ ಅವಧಿಯಲ್ಲಿ ಟಿಕೆಟ್ ಹಂಚಿ, ಭದ್ರತೆ ಹೊಂದಿಸಿ, ತುಂಬಿದ ಗ್ಯಾಲರಿಯೆದುರು ಪಂದ್ಯವನ್ನು ಸುಗಮವಾಗಿ ನಡೆಸಿದ್ದು ಈ ಕ್ರೀಡಾಂಗಣದ ಆಡಳಿತದ ಇತಿಹಾಸದಲ್ಲೇ ಅತ್ಯುತ್ತಮ ಕೆಲಸ ಎಂದು ನಾನು ಭಾವಿಸುತ್ತೇನೆ. ಅಕ್ಟೋಬರ್ 28ರ ಫೈನಲ್‌ನಲ್ಲಿ ಎರಡು ಗೋಲುಗಳಿಂದ ಹಿಂದಿದ್ದ ಇಂಗ್ಲೆಂಡ್ ಸ್ಪೇನನ್ನು 5-2ರಿಂದ ಮಣಿಸಿತು. ಎರಡು ಗೋಲು ಹೊಡೆದ ಫಿಲ್ ಫೋಡನ್ ಅವರನ್ನು ಅಂದು ಕಣ್ಣಾರೆ ಕಂಡವರು 66,684 ಮಂದಿ. 1997ರ ಅರ್ಧದಷ್ಟು ಜನ, ಆದರೆ ಪ್ರತಿಯೊಬ್ಬರಿಗೂ ತನ್ನದೆಂಬ ಒಂದು ಆಸನ, ಆ ಆಸನಕ್ಕೊಂದು ಸಂಖ್ಯೆ, ಹೊರಹೋಗಲು ಗೊತ್ತಾದ ಒಂದು ದಾರಿ. ಸಾಮರ್ಥ್ಯ ಕುಗ್ಗಿತೆಂದು ಮರುಗುವವರಿಗೆ ಈ ಪಂದ್ಯವೇ ನನ್ನ ಉತ್ತರ.

2020ರ ಫೆಬ್ರುವರಿಯಲ್ಲಿ ಕೋಲ್ಕತ್ತ ಮೆಟ್ರೊದ ಪೂರ್ವ-ಪಶ್ಚಿಮ ಮಾರ್ಗದ ಮೊದಲ ಹಂತ ತೆರೆದು, ಕ್ರೀಡಾಂಗಣದ ಹೆಸರಿನದೇ ಒಂದು ನಿಲ್ದಾಣ ಬಂದಿತು. ಉದ್ಘಾಟನೆಯಾಗಿ 36 ವರ್ಷಗಳ ನಂತರ! ಅಲ್ಲಿಯವರೆಗೆ ಲಕ್ಷ ಜನ ಪಂದ್ಯ ಮುಗಿಸಿಕೊಂಡು ಹೊರಟಾಗ ಅವರ ಭಾರವನ್ನು ಹೊತ್ತದ್ದು ಬೈಪಾಸಿನ ಬಸ್ಸುಗಳು, ಬಾಡಿಗೆ ಲಾರಿಗಳು ಮತ್ತು ಅವರದೇ ಕಾಲುಗಳು.

ಅಂಕಣದ ಆಚೆ ನಡೆದದ್ದು

ಈ ಗ್ಯಾಲರಿಗಳು ಆಟ ನೋಡುವ ಜಾಗವಷ್ಟೇ ಆಗಿ ಉಳಿದಿಲ್ಲ. 2020ರ ಜನವರಿಯ ಡರ್ಬಿಯಲ್ಲಿ ಈಸ್ಟ್ ಬೆಂಗಾಲ್ ಬೆಂಬಲಿಗರು ಗ್ಯಾಲರಿಯ ಉದ್ದಕ್ಕೂ ಬಿಡಿಸಿದ ಬೃಹತ್ ಬ್ಯಾನರ್, ತಮ್ಮ ನೆಲವನ್ನು ಕೊಂಡದ್ದು ರಕ್ತ ಕೊಟ್ಟು, ಕಾಗದ ತೋರಿಸಿ ಅಲ್ಲ ಎಂದು ಸಾರಿತು. ಪೌರತ್ವ ನೋಂದಣಿಯ ವಿವಾದದ ಆ ದಿನಗಳಲ್ಲಿ, ವಿಭಜನೆಯ ನೆನಪನ್ನು ಮೂರು ತಲೆಮಾರುಗಳಿಂದ ಹೊತ್ತುಬಂದವರ ಮಾತು ಅದಾಗಿತ್ತು. 2024ರ ಆಗಸ್ಟ್ 18ರಂದು ನಡೆಯಬೇಕಿದ್ದ ಡ್ಯೂರಾಂಡ್ ಕಪ್ ಡರ್ಬಿಯನ್ನು, ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಮೇಲಿನ ಅತ್ಯಾಚಾರ ಮತ್ತು ಕೊಲೆಯನ್ನು ಖಂಡಿಸಿ ಪ್ರತಿಭಟನೆಗಳು ನಡೆಯುತ್ತಿದ್ದ ಸಂದರ್ಭದಲ್ಲಿ, ಭದ್ರತೆಯ ಕಾರಣ ನೀಡಿ ರದ್ದುಪಡಿಸಲಾಯಿತು. ಪಂದ್ಯವಿಲ್ಲದಿದ್ದರೂ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಮೂರೂ ಕ್ಲಬ್‌ಗಳ ಬೆಂಬಲಿಗರು ಬೈಪಾಸ್‌ನಲ್ಲಿ ಜೊತೆಯಾಗಿ ನಿಂತು ನ್ಯಾಯ ಕೇಳಿದರು, ಪೊಲೀಸರ ಲಾಠಿಯೇಟನ್ನೂ ತಿಂದರು. 1980ರಲ್ಲಿ ಪರಸ್ಪರ ಬಡಿದಾಡಿದ್ದ ಬಣ್ಣಗಳು ಒಂದೇ ಭುಜದ ಮೇಲೆ ಬಂದದ್ದು ಮುಚ್ಚಿದ ದ್ವಾರದ ಎದುರಿಗೆ. ಕ್ರೀಡಾಂಗಣವನ್ನು ನಡೆಸುವವರು ಜನಸಮೂಹವನ್ನು ಹತೋಟಿಯಲ್ಲಿಡಬೇಕಾದ ವಸ್ತುವೆಂದು ಮಾತ್ರ ನೋಡುವುದು ಎಷ್ಟು ಅಪೂರ್ಣವೆಂಬುದಕ್ಕೆ ಆ ಸಂಜೆ ಸಾಕ್ಷಿಯಾಗಿದೆ.

2024ರ ಜೂನ್ 6ರಂದು ಕುವೈತ್ ವಿರುದ್ಧದ ಪಂದ್ಯದೊಂದಿಗೆ ಸುನಿಲ್ ಚೆಟ್ರಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದಾಗ ಸುಮಾರು 59,000 ಜನ ಬಂದಿದ್ದರು. ಬೆಂಗಳೂರು ಎಫ್‌ಸಿಯ ನಾಯಕನಾಗಿ ನಮ್ಮವರೇ ಆಗಿಬಿಟ್ಟಿರುವ ಚೆಟ್ರಿ ವೃತ್ತಿಜೀವನವನ್ನು ಆರಂಭಿಸಿದ್ದು ಮೋಹನ್ ಬಾಗಾನ್‌ನಲ್ಲಿ. ಪಂದ್ಯ ಗೋಲಿಲ್ಲದೆ ಮುಗಿಯಿತು. ಆದರೆ ಕೋಲ್ಕತ್ತದ ಪ್ರೇಕ್ಷಕರು ಅವರನ್ನು ಬೀಳ್ಕೊಟ್ಟ ರೀತಿಯಲ್ಲಿ ಕೊರತೆಯಿರಲಿಲ್ಲ. 2025ರ ಏಪ್ರಿಲ್ 12ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಅದೇ ಅಂಕಣದಲ್ಲಿ ಬೆಂಗಳೂರು ಎಫ್‌ಸಿ ಮುನ್ನಡೆ ಪಡೆದಿದ್ದರೂ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು.

ಇನ್ನು 2025ರ ಡಿಸೆಂಬರ್ 13ರ ಬೆಳಿಗ್ಗೆ. ಮೆಸ್ಸಿ ಮತ್ತೆ ಸಾಲ್ಟ್ ಲೇಕ್‌ಗೆ ಬಂದರು, ಈ ಬಾರಿ ಆಡಲು ಅಲ್ಲ, ಕಾಣಿಸಿಕೊಳ್ಳಲು. ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ಕೊಂಡವರ ಕಣ್ಣಿಗೆ ಬಿದ್ದದ್ದು, ಮೆಸ್ಸಿಯವರನ್ನು ಸುತ್ತುವರಿದ ರಾಜಕಾರಣಿಗಳು, ಅಧಿಕಾರಿಗಳು ಮತ್ತು ಫೋಟೊಗಾಗಿ ಮುಗಿಬಿದ್ದವರ ಬೆನ್ನುಗಳು. ಕೆಲವೇ ನಿಮಿಷಗಳಲ್ಲಿ ಅವರು ಹೊರಟುಹೋದರು. ಗ್ಯಾಲರಿಯಿಂದ ಬಾಟಲಿಗಳು ಹಾರಿದವು, ವಿಶ್ವಕಪ್ಪಿಗಾಗಿ ಬಂದಿದ್ದ ಸೀಟುಗಳು ಮುರಿದು ಬಿದ್ದವು, ಜನ ಬೇಲಿ ದಾಟಿ ಅಂಕಣಕ್ಕೆ ನುಗ್ಗಿದರು. ಮುಖ್ಯಮಂತ್ರಿ ಕ್ಷಮೆ ಕೇಳಿದರು, ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದಲ್ಲಿ ತನಿಖಾ ಸಮಿತಿ ರಚನೆಯಾಯಿತು, ಕ್ರೀಡಾ ಸಚಿವರು ಖಾತೆಯಿಂದ ಕೆಳಗಿಳಿದರು.

ಸೀಟು ಮುರಿದವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಂದು ಸೋತದ್ದು ಕಟ್ಟಡವಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. 2017ರಲ್ಲಿ ಅದೇ ದ್ವಾರಗಳು, ಅದೇ ರ‍್ಯಾಂಪ್‌ಗಳು ಅಷ್ಟೇ ಪ್ರಮಾಣದ ಜನರನ್ನು ಸುರಕ್ಷಿತವಾಗಿ ನಿಭಾಯಿಸಿದ್ದವು. ಫುಟ್‌ಬಾಲ್ ಪಂದ್ಯದಲ್ಲಿ ಅಂಕಣದೊಳಗೆ ಯಾರು ಇರಬೇಕು, ಯಾರು ಇರಬಾರದು ಎಂಬುದು ನಿಯಮದಲ್ಲಿಯೇ ಅಡಕವಾಗಿರುತ್ತದೆ: ಎರಡು ತಂಡಗಳು, ರೆಫರಿಗಳು, ಬೇಲಿಯ ಪಕ್ಕದಲ್ಲಿ ಮಾನ್ಯತೆ ಪಡೆದ ಕೆಲವರು. ಪ್ರದರ್ಶನದ ದಿನ ಅಂಥ ಗೆರೆಯನ್ನು ಯಾರೂ ಎಳೆಯಲಿಲ್ಲ. ಎಳೆದಿದ್ದರೂ ಅಧಿಕಾರದಲ್ಲಿದ್ದವರೇ ದಾಟಿದರು. 1986ರಲ್ಲಿ ಸಿನಿಮಾ ತಾರೆಯರ ಕಾರ್ಯಕ್ರಮ ನಡೆದ ಕಾಲದಿಂದಲೂ ಸರ್ಕಾರಿ ಒಡೆತನದ ಈ ಕ್ರೀಡಾಂಗಣ ಆಟದ ಹೊರಗಿನ ಸಮಾರಂಭಗಳಿಗೆ ದೊರೆಯುತ್ತಲೇ ಬಂದಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪಂದ್ಯಕ್ಕೆ ಅನ್ವಯಿಸುವ ಶಿಸ್ತನ್ನು ಸಮಾರಂಭಕ್ಕೂ ಬರವಣಿಗೆಯಲ್ಲಿ ಕಡ್ಡಾಯಗೊಳಿಸಬೇಕು. ಅಂಕಣಕ್ಕೆ ಇಳಿಯುವವರ ಹೆಸರುಪಟ್ಟಿ ಮೊದಲೇ ಅಂತಿಮವಾಗಿರಬೇಕು, ಅದನ್ನು ಸಚಿವರೇ ಬಂದರೂ ಬದಲಿಸದ ಅಧಿಕಾರ ಒಬ್ಬ ಸುರಕ್ಷತಾಧಿಕಾರಿಗೆ ಇರಬೇಕು, ಟಿಕೆಟ್ಟಿನಲ್ಲಿ ಹೇಳಿದ್ದು ನಡೆಯದಿದ್ದರೆ ಹಣ ಮರಳಿಸುವ ಹೊಣೆ ಮುಂಗಡ ಠೇವಣಿಯ ರೂಪದಲ್ಲಿ ಕ್ರೀಡಾಂಗಣದ ಬಳಿಯೇ ಇರಬೇಕು.

ಈ ವಿಷಯ ಕನ್ನಡಿಗರಿಗೆ ದೂರದ್ದಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಗೇಟುಗಳ ಬಳಿ, ವಿಜಯೋತ್ಸವ ನೋಡಲು ಬಂದ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಅದೂ ಪಂದ್ಯದ ದಿನವಲ್ಲ, ಸಮಾರಂಭದ ದಿನ. ಸುಮಾರು 35,000 ಆಸನಗಳ ಕ್ರೀಡಾಂಗಣದ ಕಡೆಗೆ ಅದರ ಹಲವು ಪಟ್ಟು ಜನ ನಡೆದುಬಂದಾಗ ಒಳಗಿನ ಸಾಮರ್ಥ್ಯದ ಲೆಕ್ಕ ಎಷ್ಟೇ ಸರಿಯಿದ್ದರೂ ಪ್ರಯೋಜನವಿಲ್ಲ. ಗೇಟಿನಿಂದ ಬೀದಿಯವರೆಗಿನ ಜಾಗಕ್ಕೂ ಅಂಥದೇ ಲೆಕ್ಕ ಬೇಕಾಗುತ್ತದೆ. ಸಾಲ್ಟ್ ಲೇಕ್‌ಗೆ ಹೊರ ವರ್ತುಲ ರಸ್ತೆಯೂ ಎಪ್ಪತ್ತಕ್ಕೂ ಹೆಚ್ಚು ಎಕರೆಯ ಆವರಣವೂ ಇವೆ. ನಗರದ ಎದೆಯ ಮೇಲಿರುವ ಚಿನ್ನಸ್ವಾಮಿಗೆ ಆ ಸೌಕರ್ಯವಿಲ್ಲ.

ಆ ದುರಂತದ ಬಳಿಕ ಕರ್ನಾಟಕ ಸರ್ಕಾರ ಆನೇಕಲ್ ಕಡೆಯ ಸೂರ್ಯನಗರದಲ್ಲಿ 80,000 ಆಸನಗಳ ಕ್ರಿಕೆಟ್ ಕ್ರೀಡಾಂಗಣ ಕಟ್ಟುವ ಯೋಜನೆಯನ್ನು ಮುಂದಿಟ್ಟಿದೆ. ಅದು ಕ್ರಿಕೆಟ್ಟಿನದಾದರೂ ಕೋಲ್ಕತ್ತದ ಅನುಭವ ಅದಕ್ಕೆ ಯಥಾವತ್ತಾಗಿ ಅನ್ವಯಿಸುತ್ತದೆ. ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ 80,000 ಎಂಬ ಸಂಖ್ಯೆ ಬಂದದ್ದು ಆಸನಗಳ ಎಣಿಕೆಯಿಂದಲೋ, ಎಂಟು ನಿಮಿಷದಲ್ಲಿ ಹೊರಬರಬಲ್ಲವರ ಎಣಿಕೆಯಿಂದಲೋ ಎಂದು ಕೇಳಬೇಕು. ಪಂದ್ಯ ಮುಗಿದ ರಾತ್ರಿ ಅಷ್ಟು ಜನರನ್ನು ಒಯ್ಯುವ ರೈಲು ಮತ್ತು ಬಸ್ಸಿನ ವ್ಯವಸ್ಥೆ ಕ್ರೀಡಾಂಗಣ ತೆರೆಯುವ ದಿನವೇ ಇರುತ್ತದೆಯೋ, ಅಥವಾ ಸಾಲ್ಟ್ ಲೇಕ್‌ನವರು ಮೆಟ್ರೊಗಾಗಿ ಕಾದಂತೆ 36 ವರ್ಷ ಕಾಯಬೇಕೋ ಎಂಬುದಕ್ಕೂ ಈಗಲೇ ಉತ್ತರ ಪಡೆಯಬೇಕು.